ಕುಮಾರಸ್ವಾಮಿಯವರ ಸೊಟ್ಟ ಮೊಳೆಗಳು

ಈಳಿಗೆಮಣೆ ಹದ ಮಾಡಿಸಲೆಂದು ಮನೆಯಿಂದ ಹೊರಟ ಮನುಷ್ಯ ಕಮ್ಮಾರನಾಗಿ ಮನೆಗೆ ಬರಬಾರದು. ನಮ್ಮ ಪಕ್ಕದ ಮನೆಯ ಕುಮಾರಸ್ವಾಮಿಯವರು ಹಾಗೆ ಬಂದರು. ಬಂದವರು ತಾವು ಕೆಡುವುದಲ್ಲದೆ ಮೈಸೂರಿನ ನಮ್ಮ ಬೀದಿಗೆ ಬೀದಿಯನ್ನೇ ಕೆಡಿಸಿದರು. ನನ್ನ ಮಧ್ಯಾಹ್ನದ ನಿದ್ದೆಯಂತೂ ಇವತ್ತಿಗೂ ಸರಿಹೋಗಿಲ್ಲ.

ಕುಮಾರಸ್ವಾಮಿಯವರು ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕಾಗದಗಳಿಗೆ ಮುದ್ರೆ ಹೊಡೆದು ಹೋದ ವರ್ಷ ನಿವೃತ್ತರಾದವರು. ನಿವೃತ್ತ ಗಂಡಸು ಅಡುಗೆಮನೆಯ ಬಾಗಿಲಲ್ಲಿ ಹೆಚ್ಚು ಹೊತ್ತು ನಿಂತರೆ ಯಾವ ಹೆಂಡತಿಯಾದರೂ ಒಂದು ಕೆಲಸ ಹುಡುಕಿ ಹೊರಗೆ ಕಳಿಸುತ್ತಾಳೆ. ಸುಚಿತ್ರಾ ಅವರು ಮೊಂಡಾದ ಈಳಿಗೆಮಣೆಯನ್ನು ಕೈಗೆ ಕೊಟ್ಟು, ಕೆಸರೆಯಲ್ಲಿ ಹುಚ್ಚಯ್ಯ ಅಂತ ಒಬ್ಬರ ಕುಲುಮೆ ಇದೆ, ಹೋಗಿ ಬನ್ನಿ ಎಂದರು. ಅಲ್ಲಿ ಹುಚ್ಚಯ್ಯನವರು ಕಾದ ಕಬ್ಬಿಣ ಬಡಿಯುವುದನ್ನು ಹತ್ತು ನಿಮಿಷ ನೋಡಿದ ಇವರು ಸುಮ್ಮನಿರಬಾರದೇ? "ದಿನಕ್ಕೆ ಎರಡು ಸಾವಿರ ಮುದ್ರೆ ಹೊಡೆದ ಕೈ ಕಣ್ರೀ ಇದು. ಇದೇನ್ ಮಹಾ ಕೆಲಸ?" ಎಂದುಬಿಟ್ಟರು.

ಹುಚ್ಚಯ್ಯನವರಿಗೆ ಎಪ್ಪತ್ತು ದಾಟಿದೆ. ಕೋಪ ಮಾಡಿಕೊಳ್ಳಲಿಲ್ಲ. ಇಕ್ಕಳ ಮುಂದೆ ಹಿಡಿದು, "ಅಂಗಾದ್ರೆ ಒಂದು ಮೊಳೆ ಮಾಡಿ ಸ್ವಾಮಿ, ನೋಡವ" ಎಂದರು.

ಮೊಳೆ ಆಗಲಿಲ್ಲ. ಆದದ್ದಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಅವಮಾನವಾದರೆ ಬೇರೆಯವರು ಎದ್ದು ಮನೆಗೆ ಬರುತ್ತಾರೆ, ಇವರು ಅಲ್ಲೇ ಶಿಷ್ಯರಾದರು. ಹುಚ್ಚಯ್ಯನವರ ಪಾಠ ಚಿಕ್ಕದು. ಕಬ್ಬಿಣ ಕಿತ್ತಳೆ ಹಣ್ಣಿನ ಬಣ್ಣಕ್ಕೆ ಬರುವತನಕ ಕಾಯಬೇಕು. ಅಡಿಗಲ್ಲಿನ ಮೇಲಿಟ್ಟು ಒಂದೇಟು, ಕಾಲು ಸುತ್ತು ತಿರುಗಿಸಿ ಇನ್ನೊಂದೇಟು, ಮತ್ತೆ ಕಾಲು ಸುತ್ತು. ನಾಲ್ಕೂ ಮುಖ ಸಮನಾಗಿ ಸಣ್ಣಗಾಗುತ್ತ ತುದಿ ಮೂಡಬೇಕು. ಕೆಂಪು ಇಳಿದರೆ ಸುತ್ತಿಗೆ ನಿಲ್ಲಿಸಿ ಮತ್ತೆ ಬೆಂಕಿಗಿಡಬೇಕು. ಆಮೇಲೆ ಚಾಣದಲ್ಲಿ ಕತ್ತರಿಸಿ, ತಲೆ ತಟ್ಟಿ, ನೀರಿಗೆ ಹಾಕಬೇಕು.

"ಆಮೇಲೆ ಗಟ್ಟಿ ಮರಕ್ಕೆ ಒಡುದು ನೋಡಿ. ನೆಟ್ಟಗೆ ಒಳೀಕೋದ್ರೆ ಅದು ಮೊಳೆ. ಬಗ್ಗುದ್ರೆ ಬರೀ ಕಬ್ಬಿಣ. ನೂರು ಮೊಳೆ ಆಗ್ಲಿ, ಕುಡ್ಲು ಮಾತು ಆಮೇಕೆ ಆಡವ. ಅಮಾಸೆ ದಿನ ಮಾತ್ರ ಕುಲುಮೆ ಅಚ್ಬ್ಯಾಡಿ" ಎಂದು ಹೇಳಿ ಕಳಿಸಿದರು.

ಒಂದು ವಾರದಲ್ಲಿ ಅವರ ಹಿತ್ತಲಲ್ಲಿ ಕುಲುಮೆ ಎದ್ದಿತು. ಲಾರಿಯ ಹಳೆಯ ಬ್ರೇಕ್ ಡ್ರಮ್ಮೇ ಒಲೆ, ರೈಲು ಹಳಿಯ ತುಂಡೇ ಅಡಿಗಲ್ಲು. ಗಾಳಿ ಊದುವ ತಿದಿಯ ಬದಲು ಸುಚಿತ್ರಾ ಅವರು ತಲೆಕೂದಲು ಒಣಗಿಸುವ ಡ್ರೈಯರ್. ಇದ್ದಿಲು ಕೊಡುತ್ತಿದ್ದವನು ಬೀದಿಯ ಮೂಲೆಯ ಹುಣಸೆಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ಲಿಂಗರಾಜು. ಅವನದು ಈಗಲೂ ಕೆಂಡ ತುಂಬುವ ಹಿತ್ತಾಳೆ ಪೆಟ್ಟಿಗೆ. ಬೆಳಗ್ಗೆ ಹತ್ತಕ್ಕೆ ಗೋಡೆಯಾಚೆ ಟಿಣ್ ಟಿಣ್ ಶುರುವಾಗುತ್ತಿತ್ತು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಬೇಸಿಗೆ ರಜೆಯಲ್ಲಿ ಮನೆಯಲ್ಲೇ ಇದ್ದೆನಾದ್ದರಿಂದ ಅಷ್ಟನ್ನೂ ಕೇಳಿಸಿಕೊಂಡೆ.

ಬೀದಿಯವರಿಗೆ ಕುಮಾರಸ್ವಾಮಿಯವರು ಕುಡುಗೋಲು, ಮಚ್ಚು ಎಂದೆಲ್ಲ ಹೇಳಿಕೊಂಡಿದ್ದರು. ಕುಡುಗೋಲು ಮಾಡುವವನು ಮೊಳೆ ಪರೀಕ್ಷೆ ಮಾಡುವುದನ್ನು ಯಾರೂ ನೋಡಬಾರದಲ್ಲ? ಅದಕ್ಕೇ ಅವರು ಮಟಮಟ ಮಧ್ಯಾಹ್ನ, ಲಿಂಗರಾಜು ಊಟಕ್ಕೆ ಹೋದಾಗ, ಪಂಚೆಯ ಮಡಿಲಲ್ಲಿ ಆ ದಿನದ ಮೊಳೆ ಇಟ್ಟುಕೊಂಡು ಹುಣಸೆಮರದ ಹಿಂಬದಿಗೆ ಹೋಗಿ ಎರಡೇಟು ಹೊಡೆಯುವರು. ಮೊಳೆ ಬಗ್ಗುವುದು. ಬೇಸರದಲ್ಲಿ ಕೀಳದೆ ಬಂದುಬಿಡುವರು. ಮರುದಿನ ಇನ್ನೊಂದು. ಇದು ನನಗೊಬ್ಬನಿಗೆ ಗೊತ್ತಿತ್ತು, ಏಕೆಂದರೆ ಕಾಂಪೌಂಡ್ ಗೋಡೆಯ ಮೇಲಿಂದ ದಿನದ ಫಲಿತಾಂಶ ನನಗೆ ಬರುತ್ತಿತ್ತು.

ಅಮಾವಾಸ್ಯೆಯ ದಿನವೂ ಟಿಣ್ ಟಿಣ್ ಕೇಳಿಸಿತು. "ಇವತ್ತು ಹಚ್ಚಬೇಡಿ ಅಂದಿದ್ದರಲ್ಲ?" ಎಂದೆ. "ಅದು ಅವರಿಗೆ ರಜೆ ಶಿವಶಂಕರ್, ನಮಗೆ ಎರಡನೇ ಶನಿವಾರ ಇದ್ದ ಹಾಗೆ. ಕಲಿಯೋನಿಗೆ ಎಂಥ ರಜೆ?" ಎಂದರು.

ಅವತ್ತೇ ಎದುರು ಮನೆಯ ಮಂಗಳಮ್ಮ ಹುಣಸೆ ಚಿಗುರು ಕೊಯ್ಯಲು ಹೋದವರು ಮರದ ಹಿಂಬದಿಯಲ್ಲಿ ಹನ್ನೊಂದು ಮೊಳೆ ಕಂಡರು. ಚಿಗುರು ಅಲ್ಲೇ ಚೆಲ್ಲಿ ಬಂದರು. ದೆವ್ವ ಹಿಡಿದರೆ ಮಂತ್ರವಾದಿ ಅದನ್ನು ಹುಣಸೆಮರಕ್ಕೆ ಒಯ್ದು ಮೊಳೆ ಹೊಡೆದು ಕಟ್ಟುತ್ತಾನೆಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ಮಂಗಳಮ್ಮ ಕಂಡಿದ್ದು ಅಷ್ಟೇ ಅಲ್ಲ.

"ಒಂದೂ ನೆಟ್ಟಗಿಲ್ಲ ಕಣ್ರೀ!" ಎಂದು ನಮ್ಮ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತು ಹೇಳಿದರು. "ಅನ್ನೊಂದೂ ಬಗ್ಗೋಗವೆ. ಒಳಗಿರೋದು ತಳ್ತಾ ಅದೆ. ಯಾವನೋ ಪುಣ್ಯಾತ್ಮ ದಿನಾ ಬಂದು ಬಿಗೀತಾನೆ, ಅದು ದಿನಾ ಬಗ್ಗಸ್ತದೆ. ಎಷ್ಟ್ ದಿನ ತಡೀತಾನೆ ಹೇಳಿ?"

ಮೊಳೆ ಬಗ್ಗಿದ ಕಾರಣ ಗೊತ್ತಿದ್ದ ನಾನು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ತಮಾಷೆ ಎರಡು ದಿನ ನಡೆಯಲಿ ಎಂದುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸುದ್ದಿ ಸಂಜೆಯೊಳಗೆ ಬೀದಿಯ ಎರಡೂ ತುದಿ ಮುಟ್ಟಿತು. ನಾನು ಗೋಡೆಯ ಬಳಿ ಹೋಗಿ ಕುಮಾರಸ್ವಾಮಿಯವರಿಗೆ ನಗುತ್ತ ಹೇಳಿದೆ. ಅವರು ನಗಲಿಲ್ಲ. ಸುತ್ತಿಗೆ ಕೆಳಗಿಟ್ಟರು. ಮುಖ ನಿಧಾನವಾಗಿ ಅರಳಿತು.

"ಅಂದರೆ ತಪ್ಪು ನನ್ನ ಮೊಳೆಯದಲ್ಲ!"

"ಏನಂದ್ರಿ?"

"ನಾನೂ ಯೋಚಿಸ್ತಿದ್ದೆ ಶಿವಶಂಕರ್. ಬಣ್ಣ ಸರಿ, ಏಟು ಸರಿ, ತಿರುಗಿಸೋದು ಸರಿ, ಮತ್ತೆ ಯಾಕೆ ಬಗ್ಗುತ್ತೆ? ಒಳಗೆ ಏನೋ ಇದೆ. ಮುದ್ರೆ ಹೊಡೆದ ಕೈ ಸೋಲೋದು ಅಂದ್ರೇನು?"

ಹೀಗೆ ಮೊಳೆ ಹೊಡೆದವರೇ ಮೊಳೆಯ ದೆವ್ವವನ್ನು ನಂಬಿದರು. ಅಷ್ಟಕ್ಕೇ ನಿಲ್ಲಿಸಿದ್ದರೂ ಬದುಕಬಹುದಿತ್ತು. ಮರುದಿನ ಮಧ್ಯಾಹ್ನ ಹೋಗಿ ಹನ್ನೆರಡನೆಯದನ್ನೂ ಹೊಡೆದು ಬಂದರು. ಅದು ಮೊದಲಿನ ಎಲ್ಲಕ್ಕಿಂತ ಜೋರಾಗಿ ಬಗ್ಗಿತು. "ಶಕ್ತಿ ಹೆಚ್ಚಾಗ್ತಿದೆ" ಎಂದು ನನಗೆ ಪಿಸುಮಾತಿನಲ್ಲಿ ವರದಿ ಕೊಟ್ಟರು. ಅದೇ ಮಾತನ್ನು ಸಂಜೆ ಬೀದಿಯಲ್ಲಿ ಮಂಗಳಮ್ಮನೂ ಹೇಳಿದರು. ಇಬ್ಬರೂ ಒಂದೇ ತೀರ್ಮಾನಕ್ಕೆ ಬಂದದ್ದನ್ನು ಕೇಳಿ, ವಿಜ್ಞಾನದ ಮೇಷ್ಟ್ರಾದ ನಾನೇ ಆ ರಾತ್ರಿ ಹಿತ್ತಲ ಬಾಗಿಲಿಗೆ ಎರಡು ಸಲ ಅಗುಳಿ ನೋಡಿದೆ.

ಮೂರನೆಯ ದಿನ ಸುದ್ದಿ ಕೇಳಿ ಪಾಲಿಕೆಯಿಂದ ಮರಗಳ ಉಸ್ತುವಾರಿಯ ಅಧಿಕಾರಿ ರುದ್ರಸ್ವಾಮಿ ಬಂದರು. ಮರಕ್ಕೆ ಮೊಳೆ ಹೊಡೆಯುವುದು ಅಪರಾಧ, ಯಾರು ಹೊಡೆದದ್ದು ಎಂದು ಬೀದಿಯ ನಡುವೆ ನಿಂತು ಕೂಗಿದರು. ಮಂಗಳಮ್ಮ ಮರದ ಹಿಂಬದಿ ತೋರಿಸಿದರು. ಅಧಿಕಾರಿ ಹತ್ತಿರ ಹೋಗಿ ನೋಡಿ, ಹೋದದ್ದಕ್ಕಿಂತ ಬೇಗ ಹಿಂದಕ್ಕೆ ಬಂದರು.

"ಕಿತ್ಹಾಕ್ಸಿ ಸಾರ್" ಎಂದೆ ನಾನು.

"ನೋಡಿ ಮೇಷ್ಟ್ರೇ, ನಮಗೆ ಬರೋದು ಕೊಂಬೆ. ವಾಲಿದ ಕೊಂಬೆ, ಒಣಗಿದ ಕೊಂಬೆ, ತಂತಿಗೆ ತಾಗೋ ಕೊಂಬೆ. ಇದು ಬುಡ. ಬುಡದ ವಿಷಯ ನಾನು ಮೇಲಿನವರಿಗೆ ಬರೀಬೇಕಾಗುತ್ತೆ."

"ಫೋಟೋನಾದ್ರೂ ತಗೊಳಿ" ಎಂದರು ಮಂಗಳಮ್ಮ. ತೆಗೆದರು. ಹಿಂದೆ ಸರಿಯುತ್ತಲೇ ತೆಗೆದದ್ದರಿಂದ ಚಿತ್ರ ಅಲುಗಿತು. ಅಲುಗಿದ ಚಿತ್ರದಲ್ಲಿ ಮರದ ಪಕ್ಕ ಏನೋ ನಿಂತ ಹಾಗಿತ್ತು. ನೋಡಿದವರೆಲ್ಲ ತಮ್ಮ ಫೋನಿಗೂ ಕಳಿಸಿಕೊಂಡರು.

ಅಲ್ಲಿಗೆ ಲಿಂಗರಾಜುವಿನ ಗಾಡಿಗೆ ಬಟ್ಟೆ ಬರುವುದು ನಿಂತಿತು. ದೆವ್ವದ ನೆರಳಲ್ಲಿ ಇಸ್ತ್ರಿಯಾದ ಅಂಗಿ ಯಾರು ಹಾಕುತ್ತಾರೆ? ಒಂದು ಮನೆಯ ಮಗುವಿಗೆ ಜ್ವರ ಬಂತು, ಲಂಗ ಇಸ್ತ್ರಿಗೆ ಕೊಟ್ಟಿದ್ದು ನೆನಪಾಯಿತು. ಇನ್ನೊಬ್ಬರಿಗೆ ಪ್ರಮೋಷನ್ ತಪ್ಪಿತು, ಪ್ಯಾಂಟಿನ ಗೆರೆ ನೆನಪಾಯಿತು. ಬಡಾವಣೆ ಸಂಘದ ಅಧ್ಯಕ್ಷ ಲಕ್ಷ್ಮೀನರಸಿಂಹಯ್ಯನವರು, ಭಾನುವಾರ ಮರದ ಬಳಿ ಸಭೆ, ಗಾಡಿ ಎತ್ತಿಸಿ ಮರ ಕಡಿಸಲು ಅರ್ಜಿ ಎಂದು ಸಾರಿದರು.

ಶನಿವಾರ ಕುಮಾರಸ್ವಾಮಿಯವರು ಇದ್ದಿಲಿಗೆ ಹೋದಾಗ ನಾನೂ ಜೊತೆಗಿದ್ದೆ. ಅಷ್ಟು ಹೊತ್ತಿಗೆ ಅವರ ಮೊಳೆ ಹದಿನೇಳಾಗಿತ್ತು. ಲಿಂಗರಾಜು ತಣ್ಣಗಿನ ಪೆಟ್ಟಿಗೆಯ ಪಕ್ಕ ಸುಮ್ಮನೆ ಕೂತಿದ್ದ. ಇವರನ್ನು ಕಂಡು ಎದ್ದು ಇಡೀ ಚೀಲ ಎತ್ತಿ ಕೊಟ್ಟ.

"ಇಷ್ಟೊಂದು ಬೇಡಪ್ಪ" ಎಂದರು ಇವರು.

"ತಕ್ಕೊಂಡೋಗಿ ಸಾರ್. ಬಟ್ಟೆನೇ ಇಲ್ಲ, ಇದ್ದಿಲು ಮಡೀಕೊಂಡು ನಾನೇನ್ ಮಾಡ್ಲಿ? ನಮ್ಮಪ್ಪ ಮೂಗಯ್ಯ ಇದೇ ಮರದಡಿ ನಿಂತಿದ್ದ, ನಾನು ಇಪ್ಪತ್ತೆಂಟು ವರ್ಷದಿಂದ ನಿಂತಿವ್ನಿ. ನಂಗೇನೂ ಮಾಡ್ನಿಲ್ಲ ಅದು. ಬೇರೆ ಬೀದಿಗೋದ್ರೆ ಅಲ್ಲೂ ಒಬ್ಬ ಇಸ್ತ್ರಿಯೋನು ಇರ್ತಾನಲ್ವ? ಎಲ್ಲೀಗೋಗ್ಲಿ? ಓಗ್ಲಿ ಬುಡಿ, ನಿಮ್ ಕುಡ್ಲು ಎಲ್ಲೀಗ್ ಬಂತು ಸಾರ್?"

ಅವನ ಇದ್ದಿಲಿನಲ್ಲೇ ಕಾಯಿಸಿದ ಮೊಳೆ ಅವನ ಅನ್ನಕ್ಕೆ ಕುತ್ತಾಗಿತ್ತು. ಕುಮಾರಸ್ವಾಮಿಯವರು ಚೀಲವನ್ನು ಅಲ್ಲೇ ಇಟ್ಟು ಮನೆಗೆ ಬಂದರು. ಆ ಸಂಜೆ ಗೋಡೆಯಾಚೆ ಯಾವ ಸದ್ದೂ ಇರಲಿಲ್ಲ.

ಭಾನುವಾರ ಹನ್ನೊಂದಕ್ಕೆ ಕರೆದ ಸಭೆ ನಮ್ಮ ಪದ್ಧತಿಯಂತೆ ಹನ್ನೆರಡಕ್ಕೆ ಸೇರಿತು. ಬಿಸಿಲು ನೆತ್ತಿಯ ಮೇಲಿತ್ತು. ಕಾಗೆಯ ದನಿ ಕೂಡ ಇಲ್ಲ. ಎಲ್ಲರೂ ಮರದ ನೆರಳಿಗೆ ಒಂದು ಮಾರು ದೂರದಲ್ಲಿ, ಬಿಸಿಲಲ್ಲೇ ಬೆವರುತ್ತ ನಿಂತಿದ್ದರು. ನೆರಳಲ್ಲಿದ್ದವನು ಲಿಂಗರಾಜು ಒಬ್ಬನೇ. ಲಕ್ಷ್ಮೀನರಸಿಂಹಯ್ಯನವರು ಅರ್ಜಿ ಓದಲು ಕನ್ನಡಕ ಏರಿಸಿದ್ದೇ ತಡ, ಕುಮಾರಸ್ವಾಮಿಯವರು ಇಕ್ಕಳ ಹಿಡಿದು ಮುಂದೆ ಬಂದು, "ಮೊಳೆ ಹೊಡೆದದ್ದು ನಾನು" ಎಂದರು.

ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು.

"ಈ ವಿದ್ಯೆ ಯಾರ ಹತ್ರ ಕಲಿತ್ರಿ ಸ್ವಾಮಿ?" ಎಂದು ಅಧ್ಯಕ್ಷರು ಕೈಮುಗಿದರು.

"ನಮ್ಮನೇಲೂ ಒಂಚೂರು ಕಟ್ಟಾಕ್ಕೊಡಿ, ನಮ್ಮತ್ತೆ ಓದ ಮೇಲೂ ಪಾತ್ರೆ ಸದ್ದು ನಿಂತಿಲ್ಲ" ಎಂದರು ಮಂಗಳಮ್ಮ.

ಸುಚಿತ್ರಾ ಅವರು ಗುಂಪಿನ ಹಿಂದಿನಿಂದ ಕೂಗಿ ಹೇಳಿದರು: "ಅಯ್ಯೋ, ಇವರಿಗೆ ಹಾಲು ಉಕ್ಕೋದನ್ನ ತಡೆಯೋಕ್ಕಾಗಲ್ಲ, ದೆವ್ವ ತಡೀತಾರಾ? ನನ್ನ ಡ್ರೈಯರ್ ಸುಟ್ಟಿದ್ದು ಬಿಟ್ರೆ ಇವರೇನೂ ಮಾಡಿಲ್ಲ ಕಣ್ರೀ!"

ಯಾರೂ ನಂಬಲಿಲ್ಲ. ಆಗ ಕುಮಾರಸ್ವಾಮಿಯವರು ನೆರಳಿನೊಳಗೆ ಹೋಗಿ ಮೊದಲ ಮೊಳೆಯನ್ನು ಕಿತ್ತು ಎತ್ತಿ ಹಿಡಿದರು. "ಇದು ಮೊದಲನೇ ದಿನದ್ದು. ಕೆಂಪು ಇಳಿದ ಮೇಲೂ ಬಡಿದೆ, ಸೀಳು ಬಿಟ್ಟಿದೆ ನೋಡಿ." ಎರಡನೆಯದನ್ನು ಕಿತ್ತರು. "ಇದನ್ನ ತಿರುಗಿಸೋದು ಮರೆತೆ, ಚಪ್ಪಟೆಯಾಯ್ತು. ಇದು ಬೆಂಕೀಲೇ ಮರೆತದ್ದು, ಉರಿದು ಕಿಡಿ ಹಾರಿಹೋಯ್ತು. ಇದರ ತಲೆ ಒಂದು ಕಡೆ, ಮೈ ಒಂದು ಕಡೆ. ಇದು ಅಮಾವಾಸ್ಯೆದು, ಮೊಳೆ ಅಂತ ಹೇಳೋಕ್ಕೇ ಆಗಲ್ಲ."

ಮೂವತ್ತೆರಡು ವರ್ಷದ ಕೈಯ ಮರ್ಯಾದೆಯನ್ನು ಆ ಮನುಷ್ಯ ಬೀದಿಯ ಮುಂದೆ ಒಂದೊಂದಾಗಿ ಕಿತ್ತು ಹಾಕಿದರು. ನನಗೆ ಅವರ ಮೇಲೆ ಅಂಥ ಗೌರವ ಮೊದಲು ಎಂದೂ ಬಂದಿರಲಿಲ್ಲ. ಐದನೆಯ ಮೊಳೆಗೆ ಯಾರೋ ಕಿಸಕ್ಕೆಂದರು. ಹತ್ತನೆಯದಕ್ಕೆ ಎಲ್ಲರೂ ನಗುತ್ತ ನೆರಳಿನೊಳಗೆ ಬಂದಿದ್ದರು. ಹದಿನೇಳಕ್ಕೆ ಲಕ್ಷ್ಮೀನರಸಿಂಹಯ್ಯನವರು ಅರ್ಜಿಯಿಂದ ಗಾಳಿ ಬೀಸಿಕೊಳ್ಳುತ್ತ, "ಲಿಂಗರಾಜು, ನನ್ನ ಬಿಳಿ ಪಂಚೆ ಕಳಿಸ್ತೀನಿ, ಸಂಜೆಗೆ ಬೇಕು ಕಣೋ" ಎಂದರು. ಲಿಂಗರಾಜು ಪೆಟ್ಟಿಗೆಗೆ ಕೆಂಡ ಹಾಕಲು ಓಡಿದ.

ಜನ ಚೆದುರುತ್ತಿದ್ದರು. ಕೀಳುವ ಹುಮ್ಮಸ್ಸಿನಲ್ಲಿದ್ದ ಕುಮಾರಸ್ವಾಮಿಯವರು, "ಇನ್ನೊಂದು ಉಳಿದಿದೆ" ಎಂದು ಮರದ ಬುಡಕ್ಕೆ ಬಗ್ಗಿದರು. ತೊಗಟೆ ಮುಚ್ಚಿ ಬೆಳೆದ ಜಾಗದಲ್ಲಿ ಹುಣಸೆಬೀಜದಷ್ಟು ತಲೆ ಕಾಣುತ್ತಿತ್ತು. ಅದು ಸುಲಭಕ್ಕೆ ಬರಲಿಲ್ಲ. ಅವರು ಕಾಲು ಕೊಟ್ಟು ಎಳೆದರು, ನಾನೂ ಅವರ ಸೊಂಟ ಹಿಡಿದು ಎಳೆದೆ. ಬೆರಳು ಬೆರಳಾಗಿ ಒಂದು ಗೇಣು ಹೊರಗೆ ಬಂತು. ತುದಿ ಕಳಚಿದಾಗ ಮರದೊಳಗಿಂದ, ಯಾರೋ ಬಹಳ ಹೊತ್ತು ಕಟ್ಟಿದ್ದ ಉಸಿರು ಬಿಟ್ಟ ಹಾಗೆ, ಒಂದು ಸದ್ದು ಕೇಳಿಸಿತು.

ಕುಮಾರಸ್ವಾಮಿಯವರು ಮೊಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಶಿವಶಂಕರ್, ಇದು ನನ್ನದಲ್ಲ."

"ಹೇಗೆ ಹೇಳ್ತೀರಿ?"

"ನೆಟ್ಟಗಿದೆ."

ನಾನು ತಲೆಯೆತ್ತಿದೆ. ಹುಣಸೆಯ ಎಲೆ ಸಂಜೆಯಾದರೆ ಮುದುಡಿಕೊಳ್ಳುತ್ತದೆಂದು ಪ್ರತಿವರ್ಷ ಎಂಟನೇ ತರಗತಿಗೆ ಪಾಠ ಹೇಳುತ್ತೇನೆ. ಆಗ ಸಮಯ ಹನ್ನೆರಡೂಮುಕ್ಕಾಲು. ಇಡೀ ಮರದ ಎಲೆ ಮುದುಡಿತ್ತು. ಹತ್ತು ಹೆಜ್ಜೆ ಆಚೆ ಲಿಂಗರಾಜು ಸಂತೋಷದಲ್ಲಿ ಸಿಳ್ಳೆ ಹಾಕುತ್ತ ಕೆಂಡ ಊದುತ್ತಿದ್ದ. ಅವನ ಮುಖ ನೋಡಿ ನಾವಿಬ್ಬರೂ ಬಾಯಿ ಮುಚ್ಚಿಕೊಂಡೆವು. ಈಗ ನಿಜ ಹೇಳಿದರೆ ಅವನ ಗಾಡಿಯನ್ನು ಎತ್ತಿಸಿಯೇಬಿಡುತ್ತಿದ್ದರು.

ಮರುದಿನ ಬೆಳಗ್ಗೆಯೇ ಕೆಸರೆಗೆ ಓಡಿದೆವು. ಹುಚ್ಚಯ್ಯನವರು ಮೊಳೆಯನ್ನು ಬೆಳಕಿಗೆ ಹಿಡಿದು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಉಗುರು ಎಳೆದರು.

"ಇದನ್ನ ಮಾಡ್ದೋನು ದೊಡ್ಡೋನು. ನಾಕು ಮೊಕನೂ ಒಂದೇ ಸಮ. ಎಲ್ಲಿತ್ತು?"

"ಹುಣಸೆಮರದಲ್ಲಿ" ಎಂದರು ಕುಮಾರಸ್ವಾಮಿಯವರು.

"ಕಿತ್ರಾ?"

"ಕಿತ್ತೆ."

ಹುಚ್ಚಯ್ಯನವರು ಮೊಳೆಯನ್ನು ಪಕ್ಕದ ನೀರಿನ ತೊಟ್ಟಿಗೆ ಹಾಕಿದರು. ತಣ್ಣಗಿದ್ದ ಮೊಳೆ, ಆಗತಾನೇ ಬೆಂಕಿಯಿಂದ ತೆಗೆದ ಹಾಗೆ, ಚುಂಯ್ ಎಂದಿತು. ತೊಟ್ಟಿಯ ಮೇಲೆ ಹಬೆ ಎದ್ದಿತು. ಅಷ್ಟು ದೊಡ್ಡ ಉರಿಯ ಮುಂದೆ ಕೂತಿದ್ದರೂ ನನ್ನ ಮೈ ಕೊರೆಯಿತು.

"ವಾಪಸ್ ಹೊಡೆದುಬಿಡೋಣವಾ?" ಎಂದೆ ನಾನು. ವಿಜ್ಞಾನವನ್ನು ಆ ಹೊತ್ತಿಗೆ ತೊಟ್ಟಿಯಲ್ಲೇ ಬಿಟ್ಟಿದ್ದೆ.

"ಕಿತ್ತ ಮೊಳೆ ಮತ್ತೆ ಒಡಿಯಂಗಿಲ್ಲ ಮೇಷ್ಟ್ರೇ. ಒಸದಾಗ್ಬೇಕು. ಕಿತ್ತೋರ ಕೈನಲ್ಲೇ ಆಗ್ಬೇಕು. ಇಂಗೇ ನೆಟ್ಟಗಿರ್ಬೇಕು."

ಕುಮಾರಸ್ವಾಮಿಯವರು ಬೆವರು ಒರೆಸಿಕೊಂಡು, "ನೀವೇ ಮಾಡಿಕೊಡಿ ಹುಚ್ಚಯ್ಯನೋರೇ, ನಾನು ಮಾಡಿದ್ದು ಅಂತ ಹೇಳ್ತೀನಿ. ಯಾರಿಗೆ ಗೊತ್ತಾಗುತ್ತೆ?" ಎಂದರು.

"ಮರ್ದೊಳಗಿತ್ತಲ್ಲ, ಅದಕ್ಕೆ ಗೊತ್ತಾಯ್ತದೆ" ಎಂದು ಹುಚ್ಚಯ್ಯನವರು ಇಕ್ಕಳವನ್ನು ಅವರ ಕೈಗಿಟ್ಟರು.

ಅಂದಿನಿಂದ ಗೋಡೆಯಾಚೆಯ ಟಿಣ್ ಟಿಣ್ ಬೆಳಗ್ಗೆ ಆರಕ್ಕೇ ಶುರುವಾಗುತ್ತದೆ. ಈಗ ಕುಡುಗೋಲಿನ ಮಾತಿಲ್ಲ, ಮುದ್ರೆಯ ಮಾತಿಲ್ಲ. ಕಿತ್ತಳೆ ಬಣ್ಣ ಬರುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಾರೆ, ಎಣಿಸಿ ಎಣಿಸಿ ತಿರುಗಿಸುತ್ತಾರೆ. ಸುಚಿತ್ರಾ ಅವರು ಹೊಸ ಡ್ರೈಯರ್ ತಾವಾಗಿಯೇ ತಂದುಕೊಟ್ಟಿದ್ದಾರೆ. ಗಂಡ ಇಷ್ಟು ಶ್ರದ್ಧೆಯಿಂದ ಯಾವ ಕೆಲಸವನ್ನೂ ಮಾಡಿದ್ದು ಅವರು ಕಂಡಿರಲಿಲ್ಲ. ಮೊಳೆ ಮಾತ್ರ ಇನ್ನೂ ಬಗ್ಗುತ್ತಲೇ ಇದೆ. ಪರೀಕ್ಷೆ ಈಗ ನಮ್ಮ ಹಿತ್ತಲ ಹಲಸಿನ ಕೊರಡಿನ ಮೇಲೆ.

ಮೊನ್ನೆ ಇದ್ದಿಲಿಗೆ ಇಬ್ಬರೂ ಹೋದೆವು. ಗಾಡಿಯ ಮೇಲೆ ಬಟ್ಟೆಯ ರಾಶಿ. ಲಿಂಗರಾಜುವಿಗೆ ಮಾತಾಡಲು ಪುರುಸೊತ್ತಿಲ್ಲ.

"ಯಾಪಾರ ಎಂಗದಪ್ಪ?" ಎಂದು ಕೇಳಿದರು ಕುಮಾರಸ್ವಾಮಿಯವರು, ಅವನ ಭಾಷೆಯಲ್ಲೇ.

"ನಿಮ್ ದಯದಿಂದ ಚೆನ್ನಾಗದೆ ಸಾರ್. ಒಸ ಗಿರಾಕಿನೂ ಬಂದವ್ರೆ. ಒಬ್ಬಮ್ಮ, ವಯಸ್ಸಾಗದೆ. ದಿನಾ ಮಟಮಟ ಮಧ್ಯಾಹ್ನ ಬತ್ತಾರೆ, ನಾನು ಊಟಕ್ಕೆ ಏಳೋ ಒತ್ಗೆ ಸರಿಯಾಗಿ. ಒಂದೇ ಸೀರೆ, ಅಳೇ ಕಾಲದ್ದು, ಮಣ್ಣಿನ ವಾಸ್ನೆ. ಪೆಟ್ಗೆ ಇಟ್ರೆ ಸಾಕು ಕೆಂಡ ಆರೋಯ್ತದೆ ಸಾರ್! ಮೂರು ಸಲ ತುಂಬ್ಬೇಕು. ಆದ್ರೂ ಪಾಪ, ಒಳ್ಳೆಯೋರು. ಆಚೆ ಓಡಾಡಿ ಬಾಳ ವರ್ಷ ಆಯ್ತು, ಮಡಿಕೆ ಚೆನ್ನಾಗಿ ಕೂರ್ಸಪ್ಪ ಅಂತಾರೆ."

ಕುಮಾರಸ್ವಾಮಿಯವರ ಕೈಯಿಂದ ಚೀಲ ಜಾರಿತು. ನಾನು, "ಮನೆ ಎಲ್ಲಂತೆ?" ಎಂದೆ.

"ಇಲ್ಲೇ ಅತ್ರ ಅಂದ್ರು. ನಿನ್ನೆ ನಿಮ್ಮನೆ ಸದ್ದು ಕೇಳಿ, ಅದೇನಪ್ಪ ಟಿಣ್ ಟಿಣ್ ಅಂದ್ರು. ನಮ್ ಸಾರ್ ಮೊಳೆ ಮಾಡ್ತಾವ್ರೆ ಕಣವ್ವ ಅಂದೆ. ಒಸಿ ಒತ್ತು ಕಿವಿಗೊಟ್ಟು ಕೇಳುದ್ರು. ಆಮೇಕೆ ನಕ್ಬುಟ್ರು ಸಾರ್. 'ಬಡೀಲಿ ಬುಡು ಮಗ, ಆ ಕೈನಲ್ಲಿ ನೆಟ್ಟಗೆ ಆಗೋ ಒತ್ಗೆ ನಾನು ಮೈಸೂರೆಲ್ಲ ಸುತ್ಕೊಂಡ್ ಬಂದಿರ್ತೀನಿ' ಅಂದ್ರು."

ನಾನು ಗಾಡಿಯ ಗಾಲಿ ಹಿಡಿದುಕೊಂಡೆ. ಕುಮಾರಸ್ವಾಮಿಯವರು ನಡುಗುತ್ತಿದ್ದರು. ಭಯದಿಂದ ಎಂದುಕೊಂಡಿದ್ದೆ. ಆದರೆ ಅವರ ಮುಖ ಕೆಂಪಾಗಿ, ಕೆಂಪು ಕಿತ್ತಳೆಗೆ ತಿರುಗಿತು.

"ನೆಟ್ಟಗೆ ಆಗಲ್ವಂತಾ?" ಎಂದು ಮರದ ಕಡೆ ತಿರುಗಿ ಗುಡುಗಿದರು. "ಲಿಂಗರಾಜು, ಎರಡು ಚೀಲ ಕೊಡಪ್ಪ!"